ಸಾಲ ಡಾಲರಿನಲ್ಲಿ, ಗಳಿಕೆ ಬಿರ್‌ನಲ್ಲಿ: ಇಥಿಯೋಪಿಯಾಕ್ಕೆ ಹೊಸ ಶಕ್ತಿಗಳು ಕೊಟ್ಟಿದ್ದೇನು?

ಇಥಿಯೋಪಿಯಾದ ರಾಜಧಾನಿ ಅಡಿಸ್ ಅಬಾಬಾದಿಂದ ಜಿಬೂಟಿ ಬಂದರಿಗೆ ಸುಮಾರು 750 ಕಿ.ಮೀ. ಉದ್ದದ ರೈಲು ಮಾರ್ಗವಿದೆ. ಕಟ್ಟಿದ್ದು ಚೀನಾದ ಕಂಪನಿಗಳು. ಖರ್ಚಾಗಿದ್ದು ಸುಮಾರು 400 ಕೋಟಿ ಡಾಲರ್. ಅದರಲ್ಲಿ ದೊಡ್ಡ ಪಾಲು ಚೀನಾದ ಸರ್ಕಾರಿ ಎಕ್ಸಿಮ್ ಬ್ಯಾಂಕ್ ಕೊಟ್ಟ ಸಾಲ. 2018ರ ಜನವರಿಯಿಂದ ಅಲ್ಲಿ ವಿದ್ಯುತ್ ರೈಲುಗಳು ಸರಕು ಸಾಗಿಸುತ್ತಿವೆ. ಲಾರಿಗಳಿಗೆ ಎರಡು ಮೂರು ದಿನ ಹಿಡಿಯುತ್ತಿದ್ದ ದಾರಿಯನ್ನು ಒಂದು ಹಗಲಿನಲ್ಲಿ ಮುಗಿಸುವ ರೈಲು ಅದು. ಅದೇ ದಾರಿಯಲ್ಲಿ ಫ್ರೆಂಚರು 1917ರಲ್ಲಿ ಮುಗಿಸಿದ್ದ ಹಳೆಯ ಮೀಟರ್ ಗೇಜ್ ಹಳಿ ಹಾಳುಬಿದ್ದು ಎಷ್ಟೋ ಕಾಲವಾಗಿತ್ತು. ಬಂದರೇ ಇಲ್ಲದ ದೇಶಕ್ಕೆ ಇಂಥ ರೈಲು ಎಷ್ಟು ಮುಖ್ಯ ಅಂತ ಬಿಡಿಸಿ ಹೇಳಬೇಕಿಲ್ಲ.

ತೊಂದರೆ ಇರುವುದು ಬೇರೆ ಕಡೆ. ಬಂದರಿನಿಂದ ಮೇಲೆ ಹತ್ತುವಾಗ ರೈಲಿನಲ್ಲಿ ಗೋಧಿ, ರಸಗೊಬ್ಬರ, ಯಂತ್ರ, ಬಟ್ಟೆ ಎಲ್ಲ ತುಂಬಿರುತ್ತದೆ. ಬಂದರಿಗೆ ಇಳಿಯುವಾಗ ಖಾಲಿ ಕಂಟೇನರ್‌ಗಳೇ ಜಾಸ್ತಿ. ಮಾರ್ಗ ಶುರುವಾದ ವರ್ಷಗಳಲ್ಲಿ ಇಥಿಯೋಪಿಯಾ ವರ್ಷಕ್ಕೆ ಸುಮಾರು 1,500 ಕೋಟಿ ಡಾಲರ್ ಬೆಲೆಯ ಸರಕು ತರಿಸುತ್ತಿತ್ತು, 300 ಕೋಟಿ ಡಾಲರ್ ಆಸುಪಾಸಿನ ಸರಕು ಮಾರುತ್ತಿತ್ತು. ರೈಲಿಗೆ ಬಾಡಿಗೆ ಕೊಡುವವರು ಬಹುಪಾಲು ಆ ದೇಶದ ಆಮದುದಾರರೇ. ಅವರು ಕೊಡುವ ಬಿರ್, ಅಂದರೆ ಇಥಿಯೋಪಿಯಾದ ಹಣ, ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋಗುತ್ತದೆ ಅಷ್ಟೆ, ಹೊಸದಾಗಿ ಒಂದು ಡಾಲರ್ ಕೂಡ ಹುಟ್ಟುವುದಿಲ್ಲ. ಆದರೆ ಸಾಲದ ಕಂತನ್ನು ಡಾಲರಿನಲ್ಲೇ ಕಟ್ಟಬೇಕು.

ಚೀನಾ, ಭಾರತ, ಟರ್ಕಿ, ಕೊಲ್ಲಿ ದೇಶಗಳಂಥ ಹೊಸ ಶಕ್ತಿಗಳು ಬಡ ದೇಶಗಳಿಗೆ ಹೋಗಿ ಹಣ ಹಾಕುವುದನ್ನು ನಾವು ಸಾಮಾನ್ಯವಾಗಿ ಒಂದೇ ಪ್ರಶ್ನೆಯಿಂದ ಅಳೆಯುತ್ತೇವೆ. ಇವರು ಉಪಕಾರಕ್ಕೆ ಬಂದವರೋ, ದೋಚಲು ಬಂದವರೋ? ಇಥಿಯೋಪಿಯಾದ ಇಪ್ಪತ್ತು ವರ್ಷಗಳನ್ನು ನೋಡಿದರೆ ಈ ಪ್ರಶ್ನೆಯಿಂದ ಹೆಚ್ಚೇನೂ ತಿಳಿಯುವುದಿಲ್ಲ ಅನ್ನಿಸುತ್ತದೆ. ಬಂದವರು ಯಾರೇ ಇರಲಿ, ಅವರು ಕಟ್ಟಿದ್ದು ದೇಶಕ್ಕೆ ಡಾಲರ್ ತರುತ್ತದೆಯೇ? ಒಪ್ಪಂದದಲ್ಲಿ ಆತಿಥೇಯ ಸರ್ಕಾರ ಏನು ಬರೆಸಿಕೊಂಡಿತು? ಕಥೆ ತಿರುಗುವುದು ಈ ಎರಡರ ಮೇಲೆ.

ಇಥಿಯೋಪಿಯಾವನ್ನು ಆರಿಸಿಕೊಳ್ಳಲು ಕಾರಣವಿದೆ. 12 ಕೋಟಿ ದಾಟಿದ ಜನಸಂಖ್ಯೆ. 1993ರಲ್ಲಿ ಎರಿಟ್ರಿಯಾ ಬೇರೆಯಾದ ಮೇಲೆ ಸಮುದ್ರ ತೀರವೇ ಉಳಿದಿಲ್ಲ. ವಿದೇಶ ವ್ಯಾಪಾರದ 90%ಕ್ಕೂ ಜಾಸ್ತಿ ಜಿಬೂಟಿಯ ಮೂಲಕವೇ ಆಗಬೇಕು. ಹೊಸ ಶಕ್ತಿಗಳಲ್ಲಿ ಹೆಚ್ಚುಕಡಿಮೆ ಎಲ್ಲರೂ ಅಲ್ಲಿಗೆ ಬಂದಿದ್ದಾರೆ. 2024ರ ಜನವರಿಯಲ್ಲಿ ದೇಶ ತಾನೂ ಚೀನಾ, ಭಾರತ ಇರುವ ಬ್ರಿಕ್ಸ್ ಗುಂಪಿಗೆ ಸೇರಿತು. ಅದಕ್ಕೆ ಕೆಲವೇ ದಿನ ಮುಂಚೆ, 2023ರ ಡಿಸೆಂಬರಿನಲ್ಲಿ, 3.3 ಕೋಟಿ ಡಾಲರಿನ ಒಂದು ಬಾಂಡ್ ಬಡ್ಡಿ ಕಟ್ಟದೆ ಸುಸ್ತಿದಾರನೂ ಆಯಿತು. ಅಷ್ಟು ದೊಡ್ಡ ದೇಶಕ್ಕೆ ಇದು ಸಣ್ಣ ಮೊತ್ತ. ಆಗ ಡಾಲರ್ ಎಷ್ಟು ತುಟ್ಟಿಯಾಗಿತ್ತು ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ.

ಮೊದಲು ಒಳ್ಳೆಯದನ್ನು ಹೇಳಲೇಬೇಕು. 2000ರ ಸುಮಾರಿಗೆ ಇಥಿಯೋಪಿಯಾದ 45% ಜನ ಬಡತನ ರೇಖೆಯ ಕೆಳಗಿದ್ದರು. 2016ರ ಹೊತ್ತಿಗೆ ಅದು 23.5%ಕ್ಕೆ ಇಳಿದಿತ್ತು. ಇದು ಸರ್ಕಾರದ್ದೇ ಲೆಕ್ಕ, ಆದರೂ ಇಳಿಕೆ ದೊಡ್ಡದು. ಹಳ್ಳಿಯ ರಸ್ತೆ, ಆರೋಗ್ಯ ಕಾರ್ಯಕರ್ತೆಯರು, ಬೇಸಾಯಕ್ಕೆ ನೆರವು, ಪಶ್ಚಿಮದ ದೇಶಗಳ ಅನುದಾನ ಎಲ್ಲವೂ ಇದಕ್ಕೆ ಸೇರಿವೆ. ಅದೇ ಕಾಲದಲ್ಲಿ ರಸ್ತೆ, ಅಣೆಕಟ್ಟು, ವಿದ್ಯುತ್ ಲೈನ್, ಮೊಬೈಲ್ ಜಾಲಕ್ಕೆ ಹಣ ಕೊಟ್ಟವರಲ್ಲಿ ಚೀನಾ ಮುಂದೆ ಇತ್ತು. 2000ದಿಂದೀಚೆಗೆ ಚೀನಾ ಕೊಟ್ಟ ಸಾಲ ಸುಮಾರು 1,400 ಕೋಟಿ ಡಾಲರ್. ಆಗಿನ ಪ್ರಧಾನಿ ಮೆಲೆಸ್ ಜೆನಾವಿ ಅವರಿಗೆ ಬೇಕಾಗಿದ್ದು ದೊಡ್ಡ ದೊಡ್ಡ ಕಾಮಗಾರಿ. ಅಷ್ಟು ಬೇಗ, ಅಷ್ಟು ದೊಡ್ಡ ಮೊತ್ತಕ್ಕೆ, ಬ್ಯಾಂಕುಗಳನ್ನು ಖಾಸಗಿಗೆ ತೆರೆಯಿರಿ, ಟೆಲಿಕಾಂ ಮಾರಿ ಎಂಬ ಷರತ್ತಿಲ್ಲದೆ ಸಾಲ ಕೊಡಲು ಬೇರೆ ಯಾರೂ ತಯಾರಿರಲಿಲ್ಲ. ಚೀನಾ ಬಾರದಿದ್ದರೆ ಇನ್ನೂ ಒಳ್ಳೆಯ ಸಾಲ ಸಿಗುತ್ತಿತ್ತು ಅನ್ನುವುದಕ್ಕೆ ಆಧಾರವಿಲ್ಲ. ಏನೂ ಸಿಗದೇ ಹೋಗುವ ಸಾಧ್ಯತೆಯೇ ಹೆಚ್ಚಾಗಿತ್ತು.

ಚೌಕಾಸಿ ಮಾಡುವುದನ್ನು ಇಥಿಯೋಪಿಯಾ ನಿಧಾನವಾಗಿ ಕಲಿಯಿತು. ಟೆಲಿಕಾಂ ಇದಕ್ಕೆ ಒಳ್ಳೆಯ ಉದಾಹರಣೆ. 2006ರಲ್ಲಿ ಸುಮಾರು 150 ಕೋಟಿ ಡಾಲರಿನ ಕೆಲಸವನ್ನು ಪೂರ್ತಿಯಾಗಿ ಚೀನಾದ ಜಡ್‌ಟಿಇ ಕಂಪನಿಗೆ ಕೊಟ್ಟಿತು. ಸಾಲದ ವ್ಯವಸ್ಥೆಯೂ ಅವರದೇ, ಸಾಮಾನೂ ಅವರದೇ. ಜಾಲ ಹರಡಿತು, ಆದರೆ ಗುಣಮಟ್ಟದ ಬಗ್ಗೆ ದೂರುಗಳು ಬಂದವು. 2013ರಲ್ಲಿ ಮುಂದಿನ 160 ಕೋಟಿ ಡಾಲರಿನ ಕೆಲಸ ಬಂದಾಗ ಅದನ್ನು ಹುವಾವೆ ಮತ್ತು ಜಡ್‌ಟಿಇ ನಡುವೆ ಅರ್ಧ ಅರ್ಧ ಹಂಚಿತು. ಎರಡೂ ಚೀನಾದ ಕಂಪನಿಗಳೇ. ಆದರೂ ಒಬ್ಬರ ಮೇಲೇ ನಿಂತಿರುವುದು ತಪ್ಪಿತು.

ಎಲ್ಲ ಕಡೆ ಹೀಗಾಗಲಿಲ್ಲ. ಅಡಿಸ್ ಅಬಾಬಾ ನಗರದೊಳಗಿನ ಲಘು ರೈಲನ್ನು ನೋಡಿ. 2015ರ ಸೆಪ್ಟೆಂಬರಿನಲ್ಲಿ ಶುರುವಾಯಿತು. ಖರ್ಚು 47.5 ಕೋಟಿ ಡಾಲರ್, ಅದರಲ್ಲಿ 85% ಚೀನಾದ ಸಾಲ. ಬಡವರೂ ಓಡಾಡಲಿ ಅಂತ ಟಿಕೆಟ್ ದರವನ್ನು ಬೆರಳೆಣಿಕೆಯ ಬಿರ್‌ಗಳಲ್ಲೇ ಇಟ್ಟರು. ಅದು ಸರಿಯಾದ ನಿರ್ಧಾರವೇ. ಆದರೆ ಬಿಡಿಭಾಗ ಬರಬೇಕಾದ್ದು ಚೀನಾದಿಂದ, ಕೊಳ್ಳಬೇಕಾದ್ದು ವಿದೇಶಿ ಹಣದಲ್ಲಿ. ಕೈಯಲ್ಲಿ ಡಾಲರ್ ಇಲ್ಲ. ಒಟ್ಟು 41 ರೈಲುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲವೇ ವರ್ಷಗಳಲ್ಲಿ ಶೆಡ್ ಸೇರಿದವು. ಸಾಲದ ಒಪ್ಪಂದದಲ್ಲಿ ಹತ್ತು ವರ್ಷದ ಬಿಡಿಭಾಗ, ಸ್ಥಳೀಯ ವರ್ಕ್‌ಶಾಪ್, ತರಬೇತಿ ಎಲ್ಲವನ್ನೂ ಸೇರಿಸಿ ಬರೆಸಿಕೊಳ್ಳಬಹುದಿತ್ತು. ಉದ್ಘಾಟನೆಯ ದಿನಾಂಕದ ಮೇಲೆ ಕಣ್ಣಿಟ್ಟ ಸರ್ಕಾರಗಳು ಇಂಥ ಪುಟಗಳನ್ನು ಅವಸರದಲ್ಲಿ ತಿರುವಿಬಿಡುತ್ತವೆ.

ಚೀನಾದ ಸಾಲ ಅಂದ ತಕ್ಷಣ ಬಲೆ ಅನ್ನುವ ಮಾತು ಬರುತ್ತದೆ ಅಲ್ವಾ? ಇಥಿಯೋಪಿಯಾದಲ್ಲಿ ಚೀನಾ ರೈಲನ್ನಾಗಲಿ, ನೆಲವನ್ನಾಗಲಿ ವಶಪಡಿಸಿಕೊಳ್ಳಲಿಲ್ಲ. 2018ರಲ್ಲಿ ಪ್ರಧಾನಿ ಅಬಿ ಅಹ್ಮದ್ ಬೀಜಿಂಗ್‌ಗೆ ಹೋಗಿ ಕೇಳಿಕೊಂಡಾಗ, ಜಿಬೂಟಿ ರೈಲಿನ ಸಾಲವನ್ನು ಹತ್ತು ವರ್ಷದ ಬದಲು ಮೂವತ್ತು ವರ್ಷಗಳಲ್ಲಿ ತೀರಿಸಲು ಚೀನಾ ಒಪ್ಪಿತು. ಹಾಗಾಗಿ ಬಲೆ ಬೀಸಿ ಕಾದು ಕುಳಿತ ಬೇಟೆಗಾರನ ಚಿತ್ರ ಇಲ್ಲಿ ಹೊಂದುವುದಿಲ್ಲ. ಹಾಗಂತ ಚೀನಾದ ತಪ್ಪು ಸಣ್ಣದಲ್ಲ. ವರ್ಷಕ್ಕೆ 300 ಕೋಟಿ ಡಾಲರ್ ರಫ್ತು ಮಾಡುವ ದೇಶಕ್ಕೆ ನೂರಾರು ಕೋಟಿ ಡಾಲರಿನ ರೈಲಿನ ಸಾಲವನ್ನು ಹತ್ತು ವರ್ಷದಲ್ಲಿ ತೀರಿಸು ಅಂತ ಬರೆದ ಬ್ಯಾಂಕು, ಲೆಕ್ಕ ಸರಿಯಾಗಿ ನೋಡಿರಲಿಲ್ಲ. ಕೆಲಸ ಚೀನಾದ ಗುತ್ತಿಗೆದಾರರಿಗೆ ಸಿಗುತ್ತದೆ ಅನ್ನುವುದೇ ಸಾಲ ಕೊಡಲು ಸಾಕಾದ ಕಾರಣವಾಗಿತ್ತು.

ಡಾಲರ್ ಬೇಕು ಅನ್ನುವುದು ಇಥಿಯೋಪಿಯಾಕ್ಕೆ ಗೊತ್ತಿರಲಿಲ್ಲ ಅಂತಲ್ಲ. ಅದಕ್ಕೇ ಗಾರ್ಮೆಂಟ್ಸ್ ಮತ್ತು ಚಪ್ಪಲಿ–ಬೂಟು ಕಾರ್ಖಾನೆಗಳನ್ನು ಕರೆದದ್ದು. 2011ರಲ್ಲಿ ಮೆಲೆಸ್ ಚೀನಾಕ್ಕೆ ಹೋದಾಗ ಹುಆಜಿಯಾನ್ ಎಂಬ ಶೂ ಕಂಪನಿಯನ್ನು ಆಹ್ವಾನಿಸಿದರು. ಕೆಲವೇ ತಿಂಗಳಲ್ಲಿ ರಾಜಧಾನಿಯ ಪಕ್ಕದ ದುಕೆಮ್‌ನಲ್ಲಿ ಕಾರ್ಖಾನೆ ಶುರುವಾಯಿತು. 2016ರಲ್ಲಿ ದಕ್ಷಿಣದ ಹವಾಸಾ ನಗರದಲ್ಲಿ ಸುಮಾರು 25 ಕೋಟಿ ಡಾಲರ್ ವೆಚ್ಚದ ಕೈಗಾರಿಕಾ ಪಾರ್ಕ್ ಎದ್ದಿತು. ಚೀನಾದ ಕಂಪನಿ ಒಂಬತ್ತು ತಿಂಗಳಲ್ಲಿ ಕಟ್ಟಿ ಮುಗಿಸಿತು. ಮುಖ್ಯ ಗಿರಾಕಿಯಾಗಿ ಬಂದದ್ದು ಅಮೆರಿಕದ ಉಡುಪು ಕಂಪನಿ ಪಿವಿಎಚ್. ಅದರ ಜೊತೆ ರೇಮಂಡ್, ಅರವಿಂದ್‌ನಂಥ ಭಾರತದ ಕಂಪನಿಗಳೂ ಇಥಿಯೋಪಿಯಾಕ್ಕೆ ಹೋದವು.

ಬೆಂಗಳೂರು ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಹೆಣ್ಣುಮಕ್ಕಳ ಬದುಕು ಗೊತ್ತಿದ್ದವರಿಗೆ ಹವಾಸಾ ಅಪರಿಚಿತ ಅನ್ನಿಸುವುದಿಲ್ಲ. ಹಳ್ಳಿಯಿಂದ ಬಂದ ಹದಿಹರೆಯ ದಾಟಿದ ಹುಡುಗಿಯರು, ನಾಲ್ಕೈದು ಜನ ಹಂಚಿಕೊಂಡ ಬಾಡಿಗೆ ಕೋಣೆ, ಮಷಿನ್ ಮುಂದೆ ಇಡೀ ದಿನ. ಆದರೆ ಅಲ್ಲಿನ ಆರಂಭದ ಸಂಬಳ ತಿಂಗಳಿಗೆ 26 ಡಾಲರ್ ಅಂತ 2019ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು ದಾಖಲಿಸಿದರು. ಜಗತ್ತಿನ ಯಾವ ಗಾರ್ಮೆಂಟ್ಸ್ ದೇಶದಲ್ಲೂ ಅಷ್ಟು ಕಡಿಮೆ ಇರಲಿಲ್ಲ. ಖಾಸಗಿ ವಲಯಕ್ಕೆ ಕನಿಷ್ಠ ವೇತನದ ಕಾನೂನೇ ಇಲ್ಲದ ದೇಶ ಅದು. ಬಾಡಿಗೆ, ಊಟಕ್ಕೆ ಸಾಲದೆ ಹುಡುಗಿಯರು ಕೆಲಸ ಬಿಟ್ಟು ಹೋದರು. ಕೂಲಿ ಅಗ್ಗ ಅಂತ ಬಂದ ಕಂಪನಿಗಳಿಗೆ ಪ್ರತಿ ವರ್ಷ ಹೊಸಬರಿಗೆ ಕಲಿಸುವ ಖರ್ಚು ಬಿತ್ತು. ಬಟ್ಟೆ, ದಾರ, ಗುಂಡಿ, ಜಿಪ್ಪು ಬಹುಪಾಲು ಹೊರಗಿನಿಂದಲೇ ಬರಬೇಕಾಗಿತ್ತು. ಅಂದರೆ ಅಂಗಿಯೊಂದು ತಂದ ಡಾಲರಿನಲ್ಲಿ ದೊಡ್ಡ ಭಾಗ ಮತ್ತೆ ಹೊರಗೇ ಹೋಗುತ್ತಿತ್ತು.

ಇಷ್ಟಾದರೂ ಪ್ರಯತ್ನ ಬೆಳೆಯುತ್ತಿತ್ತು. ಅದನ್ನು ಮುರಿದದ್ದು ಯುದ್ಧ. 2020ರ ನವೆಂಬರಿನಲ್ಲಿ ಟಿಗ್ರೇ ಪ್ರಾಂತ್ಯದಲ್ಲಿ ಯುದ್ಧ ಶುರುವಾಯಿತು. 2021ರ ನವೆಂಬರಿನಲ್ಲಿ ಪಿವಿಎಚ್ ಹವಾಸಾದ ತನ್ನ ಕಾರ್ಖಾನೆ ಮುಚ್ಚುವುದಾಗಿ ಹೇಳಿತು. 2022ರ ಜನವರಿ 1ರಿಂದ ಅಮೆರಿಕ ತನ್ನ ಸುಂಕರಹಿತ ಮಾರುಕಟ್ಟೆಯ ಸೌಲಭ್ಯವನ್ನು ಇಥಿಯೋಪಿಯಾಕ್ಕೆ ನಿಲ್ಲಿಸಿತು. ಪಾರ್ಕ್ ಕಟ್ಟಿದ್ದು ಚೀನಾ, ಕಾರ್ಖಾನೆ ನಡೆಸಿದವರಲ್ಲಿ ಭಾರತೀಯರೂ ಇದ್ದರು, ಆದರೆ ಅಂಗಿ ಕೊಳ್ಳುವವರು ಮಾತ್ರ ಹಳೆಯ ಶ್ರೀಮಂತ ದೇಶಗಳೇ. ಇದನ್ನು ನಾವು ಗಂಭೀರವಾಗಿ ತೆಗೆದುಕೊಳ್ಳಬೇಕು. ಹೊಸ ಶಕ್ತಿಗಳು ಸಾಲ ಕೊಡುವಷ್ಟು ಧಾರಾಳವಾಗಿ ತಮ್ಮ ಮಾರುಕಟ್ಟೆಯಲ್ಲಿ ಜಾಗ ಕೊಟ್ಟಿಲ್ಲ. ಬಡ ದೇಶದ ಕಾಫಿ, ಎಳ್ಳು, ಕಾಳು, ಅದಿರು ನಮಗೂ ಬೇಕು, ಚೀನಾಕ್ಕೂ ಬೇಕು. ಅವರು ಹೊಲಿದ ಅಂಗಿ, ಅವರು ಮಾಡಿದ ಚಪ್ಪಲಿ ಬೇಡ. ಈಗಲೂ ಆಫ್ರಿಕಾದಲ್ಲಿ ಬಟ್ಟೆ ಹೊಲಿಸುವುದರಲ್ಲಿ ಭಾರತೀಯರ ಆಸಕ್ತಿ ಹೋಗಿಲ್ಲ. ಬೆಂಗಳೂರಿನ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್ 2024ರ ಆರಂಭದಲ್ಲಿ ಅಟ್ರಾಕೊ ಎಂಬ ಕಂಪನಿಯನ್ನು ಕೊಂಡು, ಅದರ ಕೀನ್ಯಾ ಮತ್ತು ಇಥಿಯೋಪಿಯಾದ ಘಟಕಗಳನ್ನು ತನ್ನದಾಗಿಸಿಕೊಂಡಿತು.

ಇನ್ನು ಭಾರತದ ಪಾಲು. ನಾವು ಸಾಮಾನ್ಯವಾಗಿ ಚೀನಾದ ಲೆಕ್ಕ ಕೇಳುತ್ತೇವೆ, ನಮ್ಮದನ್ನು ಕೇಳುವುದಿಲ್ಲ. 2006ರಲ್ಲಿ ಭಾರತ ಇಥಿಯೋಪಿಯಾದ ಸಕ್ಕರೆ ಕಾರ್ಖಾನೆಗಳಿಗೆ 64 ಕೋಟಿ ಡಾಲರಿನ ಸಾಲ ಘೋಷಿಸಿತು. ಆ ಕಾಲಕ್ಕೆ ಅದು ನಮ್ಮ ಬಹು ದೊಡ್ಡ ವಿದೇಶಿ ನೆರವಿನ ಸಾಲಗಳಲ್ಲಿ ಒಂದು. ಇಂಥ ಸಾಲದಲ್ಲಿ ಸಾಮಾನ್ಯವಾಗಿ 75% ಸಾಮಾನು, ಸೇವೆಯನ್ನು ಭಾರತದಿಂದಲೇ ಕೊಳ್ಳಬೇಕು. ಚೀನಾದ ನಿಯಮಕ್ಕೂ ಇದಕ್ಕೂ ಸ್ವಭಾವದಲ್ಲಿ ವ್ಯತ್ಯಾಸವಿಲ್ಲ. ಹಳೆಯ ವೊಂಜಿ ಮತ್ತು ಫಿಂಚಾ ಕಾರ್ಖಾನೆಗಳ ವಿಸ್ತರಣೆ ಮುಗಿಯಿತು. ಅಫಾರ್ ಬಯಲಿನ ತೆಂಡಾಹೊ ಕಾರ್ಖಾನೆ ವರ್ಷಗಟ್ಟಲೆ ತಡವಾಯಿತು. ಕಬ್ಬು ಬೆಳೆದಾಗ ಗಿರಣಿ ತಯಾರಿಲ್ಲ, ಗಿರಣಿ ತಯಾರಾದಾಗ ಕಬ್ಬು ಸಾಲದು. ಮಂಡ್ಯದ ರೈತರಿಗೆ ಇದರ ನೋವು ವಿವರಿಸಬೇಕಿಲ್ಲ. ಅವಾಶ್ ನದಿ ದಂಡೆಯಲ್ಲಿ ದನ, ಒಂಟೆ ಮೇಯಿಸಿಕೊಂಡಿದ್ದ ಅಫಾರ್ ಜನ ಹುಲ್ಲುಗಾವಲು ಕಳೆದುಕೊಂಡರು. ಸಕ್ಕರೆ ರಫ್ತು ಮಾಡುವ ಕನಸು ಕಂಡ ದೇಶ ಇನ್ನೂ ಸಕ್ಕರೆ ಆಮದು ಮಾಡಿಕೊಳ್ಳುತ್ತಿದೆ.

ಕರ್ನಾಟಕಕ್ಕೆ ಇನ್ನೂ ಹತ್ತಿರದ ಕಥೆ ಗ್ಯಾಂಬೆಲಾದ್ದು. ಬೆಂಗಳೂರಿನ ಕರುತುರಿ ಗ್ಲೋಬಲ್ ಗುಲಾಬಿ ಬೆಳೆದು ಹೆಸರು ಮಾಡಿದ್ದ ಕಂಪನಿ. ಕೀನ್ಯಾದ ನೈವಾಶಾದಲ್ಲಿ, ಇಥಿಯೋಪಿಯಾದ ಎತ್ತರದ ಪ್ರದೇಶದಲ್ಲಿ ಹೂವಿನ ತೋಟ ಮಾಡಿ, ಜಗತ್ತಿನ ದೊಡ್ಡ ಗುಲಾಬಿ ಬೆಳೆಗಾರರ ಸಾಲಿಗೆ ಸೇರಿತ್ತು. 2008ರಲ್ಲಿ ಜಗತ್ತಿನಲ್ಲಿ ಆಹಾರದ ಬೆಲೆ ಏರಿದಾಗ ಆಫ್ರಿಕಾದ ನೆಲಕ್ಕೆ ಎಲ್ಲೆಡೆಯಿಂದ ಬೇಡಿಕೆ ಬಂತು. ದಕ್ಷಿಣ ಸುಡಾನ್ ಗಡಿಯ ಗ್ಯಾಂಬೆಲಾ ಪ್ರಾಂತ್ಯದಲ್ಲಿ ಇಥಿಯೋಪಿಯಾ ಸರ್ಕಾರ ಈ ಕಂಪನಿಗೆ 3 ಲಕ್ಷ ಹೆಕ್ಟೇರ್ ಕೊಡುವ ಮಾತಾಡಿತು. 2010ರಲ್ಲಿ 1 ಲಕ್ಷ ಹೆಕ್ಟೇರಿಗೆ ಐವತ್ತು ವರ್ಷದ ಒಪ್ಪಂದವಾಯಿತು. ಅಂದರೆ ಎರಡೂವರೆ ಲಕ್ಷ ಎಕರೆ. ಬಾಡಿಗೆ ಹೆಕ್ಟೇರಿಗೆ ವರ್ಷಕ್ಕೆ 20 ಬಿರ್. ಆಗಿನ ದರದಲ್ಲಿ ಎಕರೆಗೆ ಇಪ್ಪತ್ತೈದು ರೂಪಾಯಿಯೂ ಆಗುವುದಿಲ್ಲ.

ಅಷ್ಟು ನೆಲ ಯಾರದು? ಸರ್ಕಾರದ ಕಾಗದದಲ್ಲಿ ಅದು ಖಾಲಿ ಜಾಗ. ಅನ್ಯುವಾ ಮತ್ತು ನುಯೆರ್ ಜನರಿಗೆ ಅದು ಸರದಿ ಬೇಸಾಯದ ನೆಲ, ದನ ಮೇಯುವ ಜಾಗ, ಜೇನು, ಮೀನು, ಕಟ್ಟಿಗೆ ಸಿಗುವ ಕಾಡು. ಅದೇ ಸಮಯದಲ್ಲಿ ಆ ಪ್ರಾಂತ್ಯದ ಸಾವಿರಾರು ಜನರನ್ನು ಸರ್ಕಾರ ಹೊಸ ಊರುಗಳಿಗೆ ಸ್ಥಳಾಂತರಿಸುತ್ತಿತ್ತು. ಒತ್ತಾಯದಿಂದ ಎಬ್ಬಿಸಲಾಗುತ್ತಿದೆ ಎಂದು ಹ್ಯೂಮನ್ ರೈಟ್ಸ್ ವಾಚ್ 2012ರಲ್ಲಿ ವರದಿ ಮಾಡಿತು. ಸರ್ಕಾರ ಅದನ್ನು ಅಲ್ಲಗಳೆಯಿತು. ಕಂಪನಿ ಆ ಬಯಲಲ್ಲಿ ಮೆಕ್ಕೆಜೋಳ ಹಾಕಿತು. 2011ರಲ್ಲಿ ಬಾರೊ ನದಿ ಉಕ್ಕಿ ಬೆಳೆ ಮುಳುಗಿತು. ಆ ಬಯಲಿನಲ್ಲಿ ನೀರು ಎಲ್ಲಿಯವರೆಗೆ ಬರುತ್ತದೆ ಅನ್ನುವುದು ಅಲ್ಲಿನ ಜನರಿಗೆ ತಲೆಮಾರುಗಳಿಂದ ಗೊತ್ತಿತ್ತು. ನಂತರ ಹಣದ ಮುಗ್ಗಟ್ಟು. 2014ರಲ್ಲಿ ನೈವಾಶಾದ ತೋಟ ಸಾಲ ಕೊಟ್ಟ ಬ್ಯಾಂಕಿನ ಉಸ್ತುವಾರಿಗೆ ಹೋಯಿತು. 2015ರ ಡಿಸೆಂಬರಿನಲ್ಲಿ ಇಥಿಯೋಪಿಯಾ ಗ್ಯಾಂಬೆಲಾದ ಒಪ್ಪಂದ ರದ್ದು ಮಾಡಿತು. ಕೊಟ್ಟ 1 ಲಕ್ಷ ಹೆಕ್ಟೇರಿನಲ್ಲಿ 1,200 ಹೆಕ್ಟೇರ್ ಮಾತ್ರ ಅಭಿವೃದ್ಧಿಯಾಗಿದೆ ಅನ್ನುವುದು ಸರ್ಕಾರ ಕೊಟ್ಟ ಕಾರಣ. ಕಂಪನಿ ಇದನ್ನು ಒಪ್ಪಲಿಲ್ಲ.

ಇಲ್ಲಿ ತಪ್ಪನ್ನು ಕಂಪನಿಯ ತಲೆಗೆ ಮಾತ್ರ ಕಟ್ಟುವುದು ಸುಲಭ. ಆದರೆ ಎರಡೂವರೆ ಲಕ್ಷ ಎಕರೆಯನ್ನು ಸುಮ್ನೆ ಒಂದೇ ಸಹಿಯಲ್ಲಿ ಕೊಟ್ಟದ್ದು ಸರ್ಕಾರ. ಮೊದಲು ಐದು ಸಾವಿರ ಎಕರೆ ಕೊಡಿ, ಬೆಳೆ ಬಂದ ಮೇಲೆ ಮುಂದಿನದು ಅನ್ನಬಹುದಿತ್ತು. ನೆಲದ ಮೇಲಿದ್ದ ಜನರನ್ನು ಕೇಳಬಹುದಿತ್ತು. ಹೂವಿನ ವಿಷಯದಲ್ಲಿ ಇದೇ ಸರ್ಕಾರ ಎಚ್ಚರದಿಂದ ನಡೆದುಕೊಂಡಿತ್ತು. ಸಣ್ಣ ಅಳತೆಯ ನೆಲ, ಅಭಿವೃದ್ಧಿ ಬ್ಯಾಂಕಿನ ಸಾಲ, ವಿಮಾನದಲ್ಲಿ ಸರಕಿಗೆ ಜಾಗ. ಹಾಗಾಗಿಯೇ ಇಥಿಯೋಪಿಯಾ ಹೂವಿನ ರಫ್ತಿನಲ್ಲಿ ಆಫ್ರಿಕಾದಲ್ಲೇ ಕೀನ್ಯಾದ ನಂತರದ ಸ್ಥಾನಕ್ಕೆ ಬಂತು.

ಟರ್ಕಿ ಮತ್ತು ಕೊಲ್ಲಿ ದೇಶಗಳ ಬಗ್ಗೆ ಚಿಕ್ಕದಾಗಿ ಹೇಳಿದರೆ ಸಾಕು. ಟರ್ಕಿಯ ಆಯ್ಕಾ ಕಂಪನಿಯ ದೊಡ್ಡ ಜವಳಿ ಕಾರ್ಖಾನೆ ನಡೆದದ್ದು ಇಥಿಯೋಪಿಯಾದ್ದೇ ಅಭಿವೃದ್ಧಿ ಬ್ಯಾಂಕಿನ ಸಾಲದಿಂದ. ಅದು ಮುಳುಗಿದಾಗ ಬ್ಯಾಂಕಿನ ಕೈಗೇ ಬಂತು. ಯುಎಇ 2018ರಲ್ಲಿ 300 ಕೋಟಿ ಡಾಲರಿನ ಭರವಸೆ ಕೊಟ್ಟು, ಅದರಲ್ಲಿ 100 ಕೋಟಿಯನ್ನು ನೇರವಾಗಿ ಕೇಂದ್ರ ಬ್ಯಾಂಕಿನಲ್ಲಿ ಠೇವಣಿ ಇಡುವುದಾಗಿ ಹೇಳಿತು. ಬೊಕ್ಕಸ ಬರಿದಾಗಿದ್ದಾಗ ಅದು ಉಸಿರು ಕೊಟ್ಟಿತು. ಆದರೆ ಠೇವಣಿಯೂ ಒಂದು ದಿನ ವಾಪಸು ಕೊಡಬೇಕಾದ ಹಣವೇ.

ಡಾಲರ್ ಗಳಿಸುವ ಸಂಸ್ಥೆ ಇಥಿಯೋಪಿಯಾದಲ್ಲಿ ಇಲ್ಲವೇ ಅಂದರೆ, ಇದೆ. ಇಥಿಯೋಪಿಯನ್ ಏರ್‌ಲೈನ್ಸ್. ಬೆಂಗಳೂರಿಗೂ ಹಾರುವ ಈ ಸರ್ಕಾರಿ ಕಂಪನಿ 1945ರಲ್ಲಿ ಅಮೆರಿಕದ ಟಿಡಬ್ಲ್ಯೂಎ ವಿಮಾನ ಕಂಪನಿಯ ನೆರವಿನಿಂದ ಶುರುವಾಯಿತು. ಪೈಲಟ್‌ಗಳಿಗೆ, ಮೆಕ್ಯಾನಿಕ್‌ಗಳಿಗೆ ಊರಲ್ಲೇ ತರಬೇತಿ ಕೊಡಬೇಕು ಅನ್ನುವ ಗುರಿ ಮೊದಲಿನಿಂದಲೂ ಇತ್ತು. ಇದೂ ಸಾಲ ಮಾಡಿಯೇ ವಿಮಾನ ಕೊಳ್ಳುತ್ತದೆ. ಆದರೆ ಟಿಕೆಟ್ ಕೊಳ್ಳುವವರಲ್ಲಿ ಬಹಳಷ್ಟು ಜನ ಹೊರದೇಶದವರು, ಹಣ ಬರುವುದೂ ವಿದೇಶಿ ನೋಟಿನಲ್ಲಿ. ಕೋವಿಡ್ ಕಾಲದಲ್ಲಿ ಪ್ರಯಾಣಿಕರ ವಿಮಾನಗಳ ಸೀಟು ಕಿತ್ತು ಸರಕು ಸಾಗಿಸಿ, ಸರ್ಕಾರದ ಹಣ ಕೇಳದೆ ಪಾರಾಯಿತು. ರೈಲೂ ಸಾಲದ್ದು, ವಿಮಾನವೂ ಸಾಲದ್ದು. ಒಂದು ದೇಶದ ಕತ್ತು ಹಿಡಿಯಿತು, ಇನ್ನೊಂದು ಕೈ ಹಿಡಿಯಿತು.

ನೀಲಿ ನೈಲ್ ನದಿಯ ಮೇಲಿನ ಮಹಾ ಅಣೆಕಟ್ಟಿನ ಕಥೆಯೂ ಬೇರೆಯೇ. ಈಜಿಪ್ಟ್ ವಿರೋಧದಿಂದಾಗಿ ಅಂತರರಾಷ್ಟ್ರೀಯ ಬ್ಯಾಂಕುಗಳು ದೂರ ಉಳಿದವು. 2011ರಲ್ಲಿ ಶುರುವಾದ ಈ ಕೆಲಸಕ್ಕೆ ನೌಕರರು ಸಂಬಳದಿಂದ ಬಾಂಡ್ ಕೊಂಡರು, ಹೊರದೇಶದಲ್ಲಿದ್ದವರು ಹಣ ಕಳಿಸಿದರು, ಸರ್ಕಾರಿ ಬ್ಯಾಂಕ್ ಸಾಲ ಕೊಟ್ಟಿತು. ಇಟಲಿಯ ಕಂಪನಿ ಕಟ್ಟಿತು, ಕೆಲವು ಟರ್ಬೈನ್ ಮತ್ತು ಲೈನುಗಳಿಗೆ ಚೀನಾ ಬಂತು. 2025ರ ಸೆಪ್ಟೆಂಬರ್ 9ರಂದು 5,150 ಮೆಗಾವಾಟ್ ಸಾಮರ್ಥ್ಯದ ಯೋಜನೆ ಉದ್ಘಾಟನೆಯಾಯಿತು. ಈಗ ಕೀನ್ಯಾ, ಜಿಬೂಟಿಯಂಥ ನೆರೆ ದೇಶಗಳಿಗೆ ಇಥಿಯೋಪಿಯಾ ವಿದ್ಯುತ್ ಮಾರುತ್ತಿದೆ. ಡಾಲರ್ ಕೊಡುತ್ತಾರೆ ಅಂತ ಬಿಟ್‌ಕಾಯಿನ್ ಗಣಿಗಾರರಿಗೂ ಮಾರುತ್ತಿದೆ. ಅವರಲ್ಲಿ ಚೀನಾದಿಂದ ಬಂದವರು ಹಲವರು. ದೇಶದ ಅರ್ಧದಷ್ಟು ಜನರ ಮನೆಗೆ ಇನ್ನೂ ಕರೆಂಟ್ ಬಂದಿಲ್ಲ. ಡಾಲರಿನ ಹಸಿವು ಯಾವ ಆಯ್ಕೆಗಳಿಗೆ ದೂಡುತ್ತದೆ ಅನ್ನುವುದನ್ನು ನೆನೆದರೆ ಸಂಕಟವಾಗುತ್ತದೆ.

ಸಾಲದ ಲೆಕ್ಕ ಚುಕ್ತಾ ಆಗುವುದು ಎಷ್ಟು ನಿಧಾನ ಅನ್ನುವುದನ್ನೂ ನೋಡಬೇಕು. ಜಿ-20 ದೇಶಗಳ ಸಾಮಾನ್ಯ ಚೌಕಟ್ಟಿನಡಿ ಸಾಲ ಮರುಹೊಂದಿಸಿ ಅಂತ ಇಥಿಯೋಪಿಯಾ ಕೇಳಿದ್ದು 2021ರ ಆರಂಭದಲ್ಲಿ. ಸಾಲ ಕೊಟ್ಟ ದೇಶಗಳ ಸಮಿತಿಗೆ ಚೀನಾ ಮತ್ತು ಫ್ರಾನ್ಸ್ ಜಂಟಿ ಅಧ್ಯಕ್ಷರು. 840 ಕೋಟಿ ಡಾಲರ್ ಸಾಲದ ಬಗ್ಗೆ ತಾತ್ವಿಕ ಒಪ್ಪಿಗೆ ಸಿಕ್ಕಿದ್ದು 2025ರ ಮಾರ್ಚಿನಲ್ಲಿ. ನಾಲ್ಕು ವರ್ಷ. ನಡುವೆ 2024ರ ಜುಲೈನಲ್ಲಿ ಐಎಂಎಫ್‌ನಿಂದ 340 ಕೋಟಿ ಡಾಲರ್ ಪಡೆಯಲು ಬಿರ್ ಬೆಲೆಯನ್ನು ಮಾರುಕಟ್ಟೆಗೆ ಬಿಡಬೇಕಾಯಿತು. ಡಾಲರಿಗೆ 57ರ ಆಸುಪಾಸಿನಲ್ಲಿದ್ದ ಬಿರ್ ಕೆಲವೇ ವಾರಗಳಲ್ಲಿ ನೂರು ದಾಟಿತು. ಎಣ್ಣೆ, ಔಷಧಿ, ಗೊಬ್ಬರ ಎಲ್ಲ ಹೊರಗಿನಿಂದ ಬರುವ ದೇಶದಲ್ಲಿ ಇದರ ಹೊರೆ ಯಾರ ಮೇಲೆ ಬಿತ್ತು ಅಂತ ಊಹಿಸಬಹುದು. ಹಳೆಯ ಸಾಲಿಗನಾದ ಫ್ರಾನ್ಸ್ ಪಕ್ಕದ ಕುರ್ಚಿಯಲ್ಲಿ ಈಗ ಚೀನಾ ಕೂತಿದೆ. ವಸೂಲಿಯ ಮಾತು ಬಂದಾಗ ಇಬ್ಬರ ನಡವಳಿಕೆಯಲ್ಲಿ ದೊಡ್ಡ ವ್ಯತ್ಯಾಸ ನನಗಂತೂ ಕಾಣುವುದಿಲ್ಲ.

ಭಾರತ ಈ ಸಾಲಿನಲ್ಲಿ ಇನ್ನೂ ಸಣ್ಣ ಸಾಲಿಗ. ಆದ್ದರಿಂದಲೇ ಬೇರೆ ರೀತಿ ನಡೆದುಕೊಳ್ಳಲು ನಮಗೆ ಅವಕಾಶ ಜಾಸ್ತಿ. ನಮ್ಮದೇ ಎಕ್ಸಿಮ್ ಬ್ಯಾಂಕಿನ ಮೂಲಕ ನಾವು ಕೊಡುವ ಪ್ರತಿ ಸಾಲದ ಒಪ್ಪಂದವನ್ನು ಎರಡೂ ದೇಶಗಳ ಸಂಸತ್ತಿನ ಮುಂದೆ ಇಡಬೇಕು. ಯೋಜನೆ ಮುಗಿದ ಐದು ವರ್ಷಕ್ಕೆ ಅದು ಎಷ್ಟು ಸಕ್ಕರೆ, ಎಷ್ಟು ವಿದ್ಯುತ್, ಎಷ್ಟು ಡಾಲರ್ ಕೊಟ್ಟಿತು, ಯಾರ ನೆಲ ಹೋಯಿತು ಅನ್ನುವ ಲೆಕ್ಕವನ್ನು ಜನರಿಗೆ ತಿಳಿಸಬೇಕು. ಮೊದಲ ಲೆಕ್ಕ ತೆಂಡಾಹೊದಿಂದಲೇ ಶುರುವಾಗಲಿ.